ಇದು ನಿನ್ನ ಅಳತೆಯಲ್ಲ

ಜನವರಿ 9

ಅಣ್ಣಾ,

ಹೇಗಿದ್ದೀಯ ಎಂದು ಕೇಳಿದರೆ ‘ಇದ್ದೇನೆ’ ಎಂದು ಒಂದೇ ಪದ ಬರೆಯುತ್ತೀಯ. ಅದಕ್ಕೆ ಕೇಳುವುದಿಲ್ಲ. ಫೋನ್ ಮಾಡೋಣವೆಂದರೆ ಟೈಲ್ಸ್ ಕತ್ತರಿಸುವ ಯಂತ್ರ ನಿನ್ನ ಕಿವಿಯನ್ನು ತಿಂದುಹಾಕಿದೆ. ನಾನು ಹೇಳಿದ್ದರಲ್ಲಿ ಅರ್ಧ ನಿನಗೆ ಕೇಳಿಸುತ್ತದೆ, ಉಳಿದರ್ಧ ನೀನೇ ಸೇರಿಸಿಕೊಳ್ಳುತ್ತೀಯ. ಹೋದ ಸಲ ನನಗೆ ಕೆಮ್ಮು ಬಂದಿದೆ ಎಂದರೆ, ಎಮ್ಮೆಯನ್ನು ಎರಡನೇ ಮಹಡಿಯಲ್ಲಿ ಎಲ್ಲಿ ಕಟ್ಟುತ್ತೀಯ ಎಂದು ಕೇಳಿದೆಯಲ್ಲ. ಕಾಗದವೇ ಸರಿ.

ಒಂದು ಕೆಲಸದ ವಿಷಯ. ನನ್ನ ಬಚ್ಚಲುಮನೆಯನ್ನು ಜಾರದಂತೆ, ಬೀಳದಂತೆ ಮಾಡಿಸಬೇಕು. ಅದು ನಾಲ್ಕಡಿ ಅಗಲ, ಏಳಡಿ ಉದ್ದ. ಒಳಗೆ ಹೋದ ತಕ್ಷಣ ಎಡಕ್ಕೆ ಕೈ ತೊಳೆಯುವ ತೊಟ್ಟಿ, ಆಮೇಲೆ ಕಮೋಡು, ಕೊನೆಯಲ್ಲಿ ಶವರ್. ನೆಲದ ಟೈಲ್ಸ್ ಕನ್ನಡಿಯ ಹಾಗಿದೆ, ಒದ್ದೆಯಾದರೆ ಮುಖ ನೋಡಿಕೊಳ್ಳಬಹುದು. ಬಾಗಿಲಲ್ಲಿ ಎರಡಿಂಚಿನ ಹೊಸ್ತಿಲಿದೆ. ಹಿಡಿಕೆ ಎಲ್ಲೆಲ್ಲಿ ಹಾಕಿಸಬೇಕು, ಎಷ್ಟು ಎತ್ತರಕ್ಕೆ? ನೆಲ ಕಿತ್ತು ಹೊಸದಾಗಿ ಹಾಕಿಸಬೇಕೇ, ಅಥವಾ ಮೇಲೆ ಏನಾದರೂ ಹಾಸಿದರೆ ಸಾಕೇ?

ಯಾರಿಗೆ ಎಂದು ಕೇಳಬೇಡ. ನನಗೇ. ನಲವತ್ತನಾಲ್ಕಾಯಿತು, ಮುಂದೆ ಬೇಕಾಗುತ್ತದೆ. ಕರಡು ತಿದ್ದುವ ಕೆಲಸದಲ್ಲಿ ದಿನವಿಡೀ ಕೂತು ಕೂತು ಎದ್ದಾಗ ಒಮ್ಮೊಮ್ಮೆ ತಲೆ ಸುತ್ತುತ್ತದೆ.

ಒಂದು ವಾರ ಬಂದು ನೀನೇ ಮಾಡಿಕೊಟ್ಟರೆ ಎಷ್ಟು ಚೆನ್ನ. ನಿನ್ನ ಕೈಯ ಕೆಲಸ ಎಂದರೆ ನನಗೆ ಕಣ್ಣು ಮುಚ್ಚಿಕೊಂಡು ಕಾಲಿಡುವ ಧೈರ್ಯ.

ನಿನ್ನ ತಂಗಿ


ಜನವರಿ 17

ತಂಗೀ,

ಇದ್ದೇನೆ.

ತಲೆ ಸುತ್ತಿದರೆ ಮೊದಲು ಡಾಕ್ಟರ ಹತ್ತಿರ ಹೋಗು, ಆಮೇಲೆ ನನ್ನ ಹತ್ತಿರ ಬಾ.

ಬರಲು ಆಗುವುದಿಲ್ಲ. ಇಲ್ಲಿ ದೊಡ್ಡ ಆಸ್ಪತ್ರೆಯ ಕಟ್ಟಡ, ಆರು ಮಹಡಿ. ಪ್ರತಿ ಮಹಡಿಯಲ್ಲೂ ಹದಿನೆಂಟು ಬಚ್ಚಲು. ನನ್ನನ್ನು ಒಂದು ದಿನವೂ ಬಿಡುವುದಿಲ್ಲ. ನನಗೆ ಇಲ್ಲಿ ‘ರಸಮಟ್ಟ’ ಎಂದು, ನೆಲದ ಮಟ್ಟ ನೋಡುವ ಉಪಕರಣದ ಹೆಸರನ್ನೇ ಇಟ್ಟಿದ್ದಾರೆ. ನಾನು ನೆಲ ನೋಡಿದರೆ ಸಾಕು, ನೀರು ಎತ್ತ ಹರಿಯುತ್ತದೆ ಎಂದು ಹೇಳುತ್ತೇನಂತೆ.

ನೀನು ಅಲ್ಲಿಯೇ ಒಬ್ಬ ಒಳ್ಳೆಯ ಕೆಲಸಗಾರನನ್ನು ಹುಡುಕು. ನಾನು ನಕ್ಷೆ ಬರೆದು ಕಳಿಸುತ್ತೇನೆ. ಆದರೆ ಹಿಡಿಕೆಯ ಎತ್ತರ ಎಷ್ಟು ಎಂದು ಕೇಳಿದರೆ ನಾನೇನು ಹೇಳಲಿ? ಅದು ಚಪ್ಪಲಿ ಇದ್ದ ಹಾಗೆ, ಕಾಲು ನೋಡಿ ತರಬೇಕು. ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಸುಮ್ಮನೆ ಇಳಿಬಿಡು. ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿ ಯಾರಿಂದಲಾದರೂ ಪೆನ್ಸಿಲ್ ಗೀರು ಹಾಕಿಸಿ, ನೆಲದಿಂದ ಅಳೆ. ಕುರ್ಚಿಯಲ್ಲಿ ಕೂತು, ಹಿಮ್ಮಡಿಯಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆ. ಕಮೋಡು ಅಷ್ಟೇ ಎತ್ತರವಿರಬೇಕು. ತಗ್ಗಾದರೆ ಏಳಲು ಕಷ್ಟ, ಹೆಚ್ಚಾದರೆ ಪಾದ ನೆಲ ಮುಟ್ಟುವುದಿಲ್ಲ. ಯಾವ ಕೈಯಲ್ಲಿ ಬಲ ಹೆಚ್ಚು ಎಂದೂ ಬರೆ.

ಸರಿಯಾಗಿ ಅಳೆ. ಟೇಪಿಗೆ ದಾಕ್ಷಿಣ್ಯ ಗೊತ್ತಿಲ್ಲ.

ಅಣ್ಣ


ಜನವರಿ 26

ಅಣ್ಣಾ,

ಎದುರು ಮನೆಯ ದರ್ಜಿಯಮ್ಮನ ಟೇಪು ತಂದು ಅಳೆದೆ. ಮಣಿಕಟ್ಟು ಮೂವತ್ತನಾಲ್ಕು ಇಂಚು. ಮಂಡಿ ಹದಿನೆಂಟು. ಬಲಗೈ. ಎಡಗೈಯಿಂದ ಏನೂ ಹಿಡಿಯುವ ಹಾಗಿರಬಾರದು ಎಂದುಕೊಂಡೇ ನಕ್ಷೆ ಮಾಡು.

ಇನ್ನೊಂದು. ನೀರು ಕಾಯಿಸುವ ಗೀಸರನ್ನು ತೀರ ಬಿಸಿಯಾಗದ ಹಾಗೆ ಕಟ್ಟಿಹಾಕಲು ಬರುತ್ತದೆಯೇ? ಬಿಸಿ ತಗುಲಿದ್ದು ಗೊತ್ತಾಗದೆ ಸುಟ್ಟುಕೊಳ್ಳುವುದೂ ಉಂಟಂತೆ. ಎಲ್ಲೋ ಓದಿದೆ. ಕೂತು ಸ್ನಾನ ಮಾಡಲು ಗೋಡೆಗೆ ಮಡಚುವ ಪೀಠ ಹಾಕಿಸಬಹುದೇ? ಅದು ಎಂಬತ್ತು ಕಿಲೋ ತಡೆಯುತ್ತದೆಯೇ?

ಬೇಗ ಬರೆ. ಫೆಬ್ರವರಿ ಇಪ್ಪತ್ತರ ಒಳಗೆ ಮುಗಿಯಬೇಕು.

ನಿನ್ನ ತಂಗಿ


ಫೆಬ್ರವರಿ 4

ತಂಗೀ,

ಇದು ನಿನ್ನ ಅಳತೆಯಲ್ಲ.

ನೀನು ಐದಡಿಗೆ ಒಂದು ಕೂದಲೆಳೆಯೂ ಹೆಚ್ಚಿಲ್ಲ. ನಿನ್ನ ಮಣಿಕಟ್ಟು ಮೂವತ್ತನಾಲ್ಕು ಇಂಚಿಗೆ ಬರಬೇಕಾದರೆ ನೀನು ಸ್ಟೂಲಿನ ಮೇಲೆ ನಿಲ್ಲಬೇಕು. ನಿನ್ನ ತೂಕ ಎಂಬತ್ತು ಕಿಲೋ ಎಂದರೆ ನಮ್ಮ ಸೈಟಿನ ಸಿಮೆಂಟ್ ಚೀಲವೂ ನಗುತ್ತದೆ. ನಾನು ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲು ಟೇಪು ತಪ್ಪೆಂದುಕೊಂಡೆ. ಆಮೇಲೆ ಕಾಗದದ ಹಿಂದೆ ಒಬ್ಬ ಮನುಷ್ಯನ ಗೆರೆ ಎಳೆದೆ. ಐದಡಿ ಹತ್ತಿಂಚು ಎತ್ತರ, ದಪ್ಪ ಮೂಳೆ, ಎಡಗೈ ಸತ್ತಿದೆ, ಎಡಮೈಗೆ ಬಿಸಿ ಗೊತ್ತಾಗುವುದಿಲ್ಲ.

ಅಷ್ಟು ಎತ್ತರದವನು ನಮ್ಮಿಬ್ಬರಿಗೂ ಗೊತ್ತಿರುವವನು ಒಬ್ಬನೇ. ಹನ್ನೊಂದು ವರ್ಷದ ಹಿಂದೆ ಬೇರೆ ಯಾರದೋ ಕೈ ಹಿಡಿದು ನಿನ್ನನ್ನು ಬಿಟ್ಟು ಹೋದವನು. ಪಾರ್ಶ್ವವಾಯು ಹೊಡೆದ ಮೇಲೆ ಅವನಿಗೆ ಹೆಂಡತಿಯ ವಿಳಾಸ ನೆನಪಾಯಿತೇ? ಯಾರೂ ಬೇಡವೆಂದಾಗ ಇಳಿಸಿಹೋಗುವ ಜಾಗವೇ ನಿನ್ನ ಮನೆ?

ಲಾರಿ ತಂದು ನಿನ್ನನ್ನೂ ನಿನ್ನ ಒಂದು ಟ್ರಂಕನ್ನೂ ನಾಲ್ಕು ತಟ್ಟೆಯನ್ನೂ ಹತ್ತಿಸಿಕೊಂಡು ಬಂದವನು ನಾನು. ದಾರಿಯುದ್ದಕ್ಕೂ ನೀನು ಆ ತಟ್ಟೆಗಳನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದೆ. ಅವನು ಕಾಲೂರುವ ನೆಲಕ್ಕೆ ನಾನು ಟೈಲ್ಸ್ ಹಾಕುವುದಿಲ್ಲ, ನಕ್ಷೆಯನ್ನೂ ಬರೆಯುವುದಿಲ್ಲ. ಜಾರಿದರೆ ಜಾರಲಿ.

ಅಣ್ಣ


ಮಾರ್ಚ್ 11

ಅಣ್ಣಾ,

ಒಂದು ತಿಂಗಳು ಕಾಗದ ಬರೆಯದೆ ಇದ್ದೆ. ಮೊದಲ ವಾರ ಸಿಟ್ಟು. ಆಮೇಲೆ ಸಮಯವಿರಲಿಲ್ಲ.

ಅವನಲ್ಲ. ಅವನ ತಾಯಿ.

ಅವನ ಉದ್ದ ಆಕಾಶದಿಂದ ಬಿತ್ತೆಂದುಕೊಂಡೆಯಾ? ನೀನು ನಮ್ಮ ಅತ್ತೆಯನ್ನು ನೋಡಿದ್ದು ಮದುವೆಯ ದಿನ ಒಮ್ಮೆ, ಲಾರಿಯ ದಿನ ಒಮ್ಮೆ. ಎರಡು ದಿನವೂ ಅವರು ಕೂತೇ ಇದ್ದರು. ಎದ್ದು ನಿಂತರೆ ಬಾಗಿಲ ಮೇಲಿನ ಪಟ್ಟಿ ಮುಟ್ಟುತ್ತಾರೆ. ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು, ಮೂವತ್ತೆರಡು ವರ್ಷ ಕೊರಳಲ್ಲಿ ಶಿಳ್ಳೆ.

ಡಿಸೆಂಬರ್ ಕೊನೆಯಲ್ಲಿ ಆಸ್ಪತ್ರೆಯಿಂದ ನಮ್ಮ ಪ್ರೆಸ್ಸಿಗೆ ಫೋನ್ ಬಂತು. ಅವರು ಬಿದ್ದು ಎರಡು ದಿನವಾದ ಮೇಲೆ ಪಕ್ಕದ ಮನೆಯವರು ಬಾಗಿಲು ಒಡೆದು ನೋಡಿದ್ದರಂತೆ. ಬಿದ್ದದ್ದೂ ಬಚ್ಚಲುಮನೆಯಲ್ಲೇ. ಅದೇ ಆಸ್ಪತ್ರೆಯಲ್ಲಿ ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡಾಗ ತುಂಬಿದ ಫಾರಂ ಇತ್ತು. ಹತ್ತಿರದ ಸಂಬಂಧಿ ಎಂಬಲ್ಲಿ ಅವರ ಕೈಯಲ್ಲೇ ನನ್ನ ಹೆಸರು, ಪ್ರೆಸ್ಸಿನ ನಂಬರು. ಸಂಬಂಧ: ಸೊಸೆ. ಮಗನ ಹೆಸರು ಎಲ್ಲಿಯೂ ಇಲ್ಲ.

ಯಾಕೆ ಹಾಗೆ ಬರೆದರು ಎಂದು ಕೇಳೋಣವೆಂದರೆ ಮಾತು ಕೆಟ್ಟಿದೆ. ಮೂಕರಾಗಿಲ್ಲ, ಮಾತಾಡುತ್ತಾರೆ. ಆದರೆ ಒಂದು ಹೇಳಲು ಹೋದರೆ ಇನ್ನೊಂದು ಬರುತ್ತದೆ. ನೀರು ಬೇಕಾದರೆ ಗಡಿಯಾರ ಎನ್ನುತ್ತಾರೆ, ನೋವಾದರೆ ಪೋಸ್ಟ್‌ಮ್ಯಾನ್ ಎನ್ನುತ್ತಾರೆ. ನಾವು ಹೇಳಿದ್ದು ಬಹುಪಾಲು ಅವರಿಗೆ ತಿಳಿಯುತ್ತದೆ, ಪದ ತೆಗೆಯುವಾಗ ಮಾತ್ರ ಖಾನೆ ತಪ್ಪುತ್ತದೆ ಎಂದರು ಡಾಕ್ಟರು. ಇಪ್ಪತ್ತು ವರ್ಷದಿಂದ ಇನ್ನೊಬ್ಬರ ತಪ್ಪು ಪದ ತಿದ್ದಿ ಊಟ ಮಾಡುತ್ತಿರುವವಳು ನಾನು. ಇವರ ಎದುರು ಕೂತರೆ ಪೆನ್ನೇ ಏಳುವುದಿಲ್ಲ.

ನಿನಗೆ ಒಂದು ವಿಷಯ ಯಾವತ್ತೂ ಹೇಳಿಲ್ಲ. ಅವರ ಮಗ ಹೋದ ಮೇಲೆ ಎರಡು ತಿಂಗಳು ನಾನು ಅವರೊಂದಿಗೇ ಇದ್ದೆ. ಅವರು ಏನೂ ಅನ್ನಲಿಲ್ಲ, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆಗಳನ್ನೆಲ್ಲ ನೆಲಕ್ಕಿಳಿಸಿ ಎರಡು ಪಾಲು ಮಾಡಿದರು. ಎಂಟು ತಟ್ಟೆಯಲ್ಲಿ ನಾಲ್ಕು ನನ್ನ ಕಡೆಗೆ ತಳ್ಳಿದರು. ‘ನೀನು ಇಲ್ಲಿರಬೇಡ. ನಿಮ್ಮಣ್ಣಂಗೆ ಹೇಳು, ಬಂದು ಕರ್ಕೊಂಡು ಹೋಗ್ಲಿ’ ಎಂದರು. ಅಷ್ಟೇ. ಅದು ಹೊರಗೆ ಹಾಕಿದ್ದೋ, ಬಿಡಿಸಿ ಕಳಿಸಿದ್ದೋ? ಹನ್ನೊಂದು ವರ್ಷದಿಂದ ಆ ಒಂದು ಮಾತನ್ನು ಅತ್ತಿಂದಿತ್ತ ತಿರುಗಿಸಿ ನೋಡುತ್ತಿದ್ದೇನೆ. ಒಂದು ದಿನ ಹಾಗೆ ಕಾಣುತ್ತದೆ, ಒಂದು ದಿನ ಹೀಗೆ.

ಮಗನಿಗೆ ಫೋನ್ ಮಾಡಿದೆ. ಎತ್ತುತ್ತಾನೆ. ‘ನೋಡೋಣ’ ಎನ್ನುತ್ತಾನೆ. ಆಸ್ಪತ್ರೆಯವರು ಫೆಬ್ರವರಿ ಇಪ್ಪತ್ತಕ್ಕೆ ಮನೆಗೆ ಕರೆದೊಯ್ಯಿರಿ ಎಂದರು. ಯಾರ ಮನೆಗೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕರೆತಂದೆ. ಪ್ರೀತಿಗೋ, ಕರುಣೆಗೋ, ಆ ಮಾತಿನ ಅರ್ಥ ತಿಳಿಯಬೇಕೆಂಬ ಹಟಕ್ಕೋ, ನನಗೆ ಗೊತ್ತಿಲ್ಲ. ನಿನಗೆ ಹೇಳಿದ್ದರೆ ನೀನು ಕಾರಣ ಕೇಳುತ್ತಿದ್ದೆ. ಅದು ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಸುಳ್ಳು ಹೇಳಿದೆ.

ನೀನು ಕೇಳಲೂ ಇಲ್ಲ, ತೀರ್ಪು ಕೊಟ್ಟೆ.

ಬಚ್ಚಲಿನ ಕೆಲಸ ಮುಗಿಯಿತು. ಇಲ್ಲಿಯ ಕೊಳಾಯಿ ರಿಪೇರಿಯವರು ಬಂದು ಒಂದೇ ದಿನದಲ್ಲಿ ಮಾಡಿಕೊಟ್ಟರು. ಫಳಫಳ ಹೊಳೆಯುವ ಎರಡು ಸರಳು, ರಬ್ಬರಿನ ಹಾಸು. ಚೆನ್ನಾಗಿದೆ. ನೀನು ಬರಬೇಕಾಗಿಲ್ಲ.

ತಂಗಿ


ಮಾರ್ಚ್ 18

ತಂಗೀ,

ಕಾಗದ ಮಧ್ಯಾಹ್ನ ಬಂತು. ಊಟ ಬಿಟ್ಟು ಬರೆಯುತ್ತಿದ್ದೇನೆ.

ನಾನು ಬರೆದದ್ದು ತಪ್ಪು. ಅದರ ಬಗ್ಗೆ ಆಮೇಲೆ.

ಸರಳು ಎಂದೆಯಲ್ಲ, ಅದು ಹಿಡಿಕೆಯೋ ಟವೆಲ್ ಹಾಕುವ ಸರಳೋ? ಹೊಳೆಯುತ್ತದೆ ಎಂದರೆ ನನಗೆ ಅನುಮಾನ. ಹಿಡಿಕೆ ದಪ್ಪ ಇರುತ್ತದೆ, ಎರಡು ತುದಿಯಲ್ಲೂ ಅಂಗೈ ಅಗಲದ ಬಿಲ್ಲೆ, ಒಂದೊಂದಕ್ಕೆ ಮೂರು ಬೋಲ್ಟು. ಟವೆಲ್ ಸರಳಿಗೆ ಒಂದೋ ಎರಡೋ ಸಣ್ಣ ಸ್ಕ್ರೂ, ಒಳಗೆ ಪ್ಲಾಸ್ಟಿಕ್ ಗೂಟ. ಅದು ಒದ್ದೆ ಟವೆಲ್ ತಡೆಯುತ್ತದೆ, ಮನುಷ್ಯರನ್ನು ತಡೆಯುವುದಿಲ್ಲ. ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡು. ಟಕ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಟೊಳ್ಳು ಇಟ್ಟಿಗೆ.

ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ? ಒಳಗೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದರೆ ಎತ್ತಲು ಹೋದವರೂ ಹೊರಗೇ ನಿಲ್ಲಬೇಕಾಗುತ್ತದೆ. ರಬ್ಬರಿನ ಹಾಸಿನ ಅಂಚು ಮಡಚಿಕೊಂಡರೆ ಅದೇ ಮುಗ್ಗರಿಸುವ ಜಾಗ.

ನಾನು ಉತ್ತರ ಬರೆಯುವವರೆಗೆ ಅವರು ಅದನ್ನು ಹಿಡಿಯದಂತೆ ನೋಡಿಕೋ.

ಅಣ್ಣ


ಮಾರ್ಚ್ 20

ಅಣ್ಣಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮಣಿಕಟ್ಟು ಮುರಿದಿದೆ. ಏಪ್ರಿಲ್ ಕೊನೆಯವರೆಗೆ ಪ್ಲಾಸ್ಟರು.

ನಿನ್ನೆ ಬೆಳಿಗ್ಗೆ ಅತ್ತೆ ಕಮೋಡಿನಿಂದ ಏಳುವಾಗ ಸರಳು ಗೋಡೆಯಿಂದ ಕಳಚಿ ಕೈಗೆ ಬಂತು. ಹಿಡಿಯಲು ಹೋದೆ. ಎಂಬತ್ತು ಕಿಲೋ ನನ್ನ ಮೇಲೆ. ಅವರಿಗೆ ಏನೂ ಆಗಲಿಲ್ಲ, ಕೆಳಗೆ ಮೆತ್ತಗೆ ನಾನಿದ್ದೆನಲ್ಲ. ಸರಳನ್ನು ಮಾತ್ರ ಬಿಡಲಿಲ್ಲ, ರಿಲೇ ಓಟದಲ್ಲಿ ಕೋಲು ಹಿಡಿದವರ ಹಾಗೆ ಮುಷ್ಟಿಯಲ್ಲೇ ಇತ್ತು.

ನಾವು ಬಾಗಿಲಿಗೆ ಅಡ್ಡ ಬಿದ್ದಿದ್ದೆವು. ದರ್ಜಿಯಮ್ಮ ನನ್ನ ಕೂಗು ಕೇಳಿ ಬಂದರು. ಅವರ ಹತ್ತಿರ ನನ್ನ ಮನೆಯ ಬೀಗದ ಕೈ ಇದೆ. ಆದರೆ ಬಚ್ಚಲಿನ ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಆ ಸಂದಿಯಲ್ಲಿ ಅವರ ಒಂದು ಕಣ್ಣು ಕಾಣುತ್ತಿತ್ತು. ಬಡಗಿ ಬಂದು ಕೀಲು ಬಿಚ್ಚುವ ಹೊತ್ತಿಗೆ ನಲವತ್ತು ನಿಮಿಷ.

ಆ ನಲವತ್ತು ನಿಮಿಷ ಅತ್ತೆ ನನ್ನ ಮೇಲೆ ಅರ್ಧ, ಪಕ್ಕಕ್ಕೆ ಅರ್ಧ. ನಾನು ನೋವಿಗೆ ಅಳುತ್ತಿದ್ದೆ. ಅವರು ನನ್ನ ಕಿವಿಯ ಹತ್ತಿರ ಒಂದೇ ಸಮನೆ ಏನೋ ಹೇಳುತ್ತಿದ್ದರು. ‘ಸೋಮವಾರ, ಸೋಮವಾರ, ಹಳದಿ ಸೋಮವಾರ.’ ಬೈಯುತ್ತಿದ್ದಾರೋ ಸಮಾಧಾನ ಮಾಡುತ್ತಿದ್ದಾರೋ ತಿಳಿಯಲಿಲ್ಲ. ದನಿಯೂ ಹಾಗೇ, ಆಟದ ಮೈದಾನದಲ್ಲಿ ಬಿದ್ದ ಹುಡುಗಿಯನ್ನು ಎಬ್ಬಿಸುವ ದನಿ. ಗದರಿಕೆಯೂ ಹೌದು, ಇನ್ನೊಂದೂ ಹೌದು.

ಈಗ ಇಬ್ಬರಿಗೂ ಸೇರಿ ಎರಡು ಒಳ್ಳೆಯ ಕೈ. ಅವರ ಬಲ, ನನ್ನ ಎಡ. ದರ್ಜಿಯಮ್ಮ ದಿನಕ್ಕೆರಡು ಸಲ ಬಂದು ಹೋಗುತ್ತಾರೆ.

ನೀನು ಯಾಕೆ ಬರುವುದಿಲ್ಲ? ಮೂರು ವರ್ಷದಿಂದ ಕೇಳುತ್ತಿದ್ದೇನೆ, ಪ್ರತಿ ಸಲ ಕೆಲಸ ಎನ್ನುತ್ತೀಯ. ನಿನಗೆ ನನ್ನ ಮೇಲೆ ಸಿಟ್ಟೋ, ಮನೆ ಮುರಿದುಕೊಂಡು ಬಂದ ತಂಗಿ ಎಂದು ನಾಚಿಕೆಯೋ? ಇದ್ದರೆ ಬರೆದುಬಿಡು. ಗೊತ್ತಿಲ್ಲದೆ ಇರುವ ವಿಷಯಗಳು ನನ್ನ ಹತ್ತಿರ ಈಗಾಗಲೇ ಬೇಕಾದಷ್ಟಿವೆ.

ತಂಗಿ


ಮಾರ್ಚ್ 29

ತಂಗೀ,

ನಾಚಿಕೆ ಇದೆ. ನಿನ್ನ ಬಗ್ಗೆ ಅಲ್ಲ.

ನಾನು ಟೈಲ್ಸ್ ಹಾಕದೆ ಒಂದೂವರೆ ವರ್ಷವಾಯಿತು. ಮೂವತ್ತು ವರ್ಷ ಮಂಡಿಯೂರಿ ದುಡಿದೆ, ಮಂಡಿ ಮುಗಿಯಿತು. ಕೂತರೆ ಏಳಲಾರೆ. ಕೊನೆಯ ದಿನ ನಾಲ್ಕನೇ ಮಹಡಿಯ ಬಚ್ಚಲಿನಲ್ಲಿ ಕೂತವನನ್ನು ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮೇಸ್ತ್ರಿ ಒಳ್ಳೆಯವನು, ಮನೆಗೆ ಕಳಿಸಲಿಲ್ಲ. ಉಗ್ರಾಣದಲ್ಲಿ ಕುರ್ಚಿ ಹಾಕಿಕೊಟ್ಟ. ಚೀಲ ಎಣಿಸುತ್ತೇನೆ, ಪೆಟ್ಟಿಗೆ ಎಣಿಸುತ್ತೇನೆ. ರಸಮಟ್ಟ ಎಂದು ಈಗಲೂ ಕರೆಯುತ್ತಾರೆ, ಅದು ಅವರ ಒಳ್ಳೆಯತನ.

ನೀನು ‘ನಿನ್ನ ಕೈಯ ಕೆಲಸ’ ಎಂದು ಬರೆದಾಗ ಹೇಗೆ ಹೇಳಲಿ? ಬಂದು ನಿನ್ನ ನೆಲದ ಮೇಲೆ ಕೂತು, ಏಳಲಾರದೆ ನಿನ್ನನ್ನೇ ಕೂಗುವುದೇ?

ಇನ್ನೂ ಒಂದು ಹೇಳಿಬಿಡುತ್ತೇನೆ. ಇಲ್ಲಿ ನನ್ನ ಕೋಣೆಯ ಬಚ್ಚಲಿನಲ್ಲಿ ಹಿಡಿಕೆ ಇಲ್ಲ. ಬಣ್ಣದ ಡಬ್ಬದ ಮೇಲೆ ಕೂತು ಸ್ನಾನ ಮಾಡುತ್ತೇನೆ, ನಲ್ಲಿ ಹಿಡಿದು ಏಳುತ್ತೇನೆ. ಎರಡು ಸಲ ಬಿದ್ದಿದ್ದೇನೆ. ಉಗ್ರಾಣದಲ್ಲಿ ನನ್ನ ಬೆನ್ನ ಹಿಂದೆಯೇ ನೂರೆಂಟು ಹಿಡಿಕೆ ಪೆಟ್ಟಿಗೆಯಲ್ಲಿವೆ. ನನಗೊಂದು ಬೇಕು ಎಂದು ಕೇಳಲು ಬಾಯಿ ಬರಲಿಲ್ಲ.

ನೀನು ಸುಳ್ಳು ಹೇಳಿದೆ ಎಂದು ಬರೆಯುವ ಯೋಗ್ಯತೆ ನನಗಿಲ್ಲ.

ರಜೆ ಕೇಳಿದ್ದೇನೆ. ಏಪ್ರಿಲ್ 6ರ ಬಸ್ಸಿಗೆ ಬರುತ್ತೇನೆ. ಕೈಕೆಲಸ ನನ್ನಿಂದ ಆಗುವುದಿಲ್ಲ, ಗಟ್ಟಿಯಾದ ಒಬ್ಬರು ಕೆಲಸಗಾರರು ಬೇಕು. ಹೇಳಿದ್ದನ್ನು ಕೇಳುವವರಾದರೆ ಸಾಕು. ನನಗೊಂದು ಎತ್ತರದ ಕುರ್ಚಿ, ಕೈಯಿರುವ ಕುರ್ಚಿ, ತೆಗೆದಿಡು.

ಅಣ್ಣ


ಏಪ್ರಿಲ್ 16

ತಂಗೀ,

ಇಲ್ಲಿಗೆ ವಾಪಸ್ ಬಂದು ತಲುಪಿದೆ. ಬಸ್ಸಿನಲ್ಲಿ ಕಾಲು ಚಾಚಲು ಜಾಗ ಸಿಕ್ಕಿತು.

ಟೈಲ್ಸ್ ನಡುವಿನ ಸಂದಿಗೆ ತುಂಬಿದ್ದು ಪೂರ್ತಿ ಒಣಗಿದೆಯೇ ನೋಡು. ನಿನ್ನ ಕೆಲಸದಾಕೆಯ ಕೈ ಚೆನ್ನಾಗಿದೆ. ನೀನು ಹೆಣ್ಣಾಳನ್ನು ಕರೆಸಿದ್ದು ನೋಡಿ ಮೊದಲ ದಿನ ನಾನು ಮುಖ ಗಂಟಿಕ್ಕಿದೆ. ಎರಡನೇ ದಿನ ಅವಳು ಇಳಿಜಾರು ಅರ್ಧ ಅಂಗುಲ ತಪ್ಪಿದೆ ಎಂದು ನನ್ನ ಲೆಕ್ಕವನ್ನೇ ತಿದ್ದಿದಳು. ಸರಿ ಇತ್ತು. ಟೊಳ್ಳು ಗೋಡೆಯ ಆಚೆ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟನ್ನು ಗೋಡೆಯ ಮೂಲಕ ತೂರಿಸಿ ಬಿಗಿದದ್ದರಿಂದ ಈಗ ಇಬ್ಬರು ಜೋತುಬಿದ್ದರೂ ಹಿಡಿಕೆ ಅಲ್ಲಾಡುವುದಿಲ್ಲ. ನಿನ್ನ ಅಡುಗೆಮನೆಯಲ್ಲಿ ಆ ಪಟ್ಟಿ ಕಾಣುತ್ತದೆ, ಅಸಹ್ಯ ಎನ್ನಬೇಡ. ಬಾಗಿಲು ಈಗ ಹೊರಗೆ ತೆರೆಯುತ್ತದೆ. ಒಳಗಿನ ಚಿಲಕವನ್ನು ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದು. ಚಿಲಕವೇ ಬೇಡ ಎಂದು ನಾನು, ಬೇಕು ಎಂದು ನೀನು ವಾದ ಮಾಡಿದೆವಲ್ಲ. ನೀನು ಹೇಳಿದ್ದೇ ಸರಿ ಇರಬಹುದು. ಎಪ್ಪತ್ತೆರಡು ವರ್ಷದವರಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕಾದರೂ ಇರಬೇಕು.

ನಿನಗೆ ಹೇಳದ ಒಂದು ವಿಷಯ. ನೀನು ಪ್ಲಾಸ್ಟರು ತೋರಿಸಲು ಹೋಗಿದ್ದಾಗ ಕೆಲಸದಾಕೆಯೂ ಸಾಮಾನು ತರಲು ಹೋಗಿದ್ದಳು. ನಾನು ಬಚ್ಚಲಿನ ಬಾಗಿಲಲ್ಲಿ ಕುರ್ಚಿಯ ಮೇಲೆ. ನಿಮ್ಮತ್ತೆ ಕೋಲೂರಿಕೊಂಡು ಬಂದರು, ಹಿಡಿಕೆ ಹಿಡಿದರು, ಅದರ ಮೇಲೆ ಪೂರ್ತಿ ಭಾರ ಹಾಕಿ ನನ್ನ ಮುಖ ನೋಡಿದರು. ಇದು ನಿಲ್ಲುತ್ತದೆಯೇ ಎಂದು ಕೇಳಿದ ಹಾಗಿತ್ತು. ನಿಲ್ಲುತ್ತೆ ಎಂದೆ. ನಾನು ಏಳಲು ಹೆಣಗಿದಾಗ ಪಕ್ಕಕ್ಕೆ ಸರಿದು ಹಿಡಿಕೆಯಲ್ಲಿ ನನಗೂ ಜಾಗ ಬಿಟ್ಟರು. ಇಬ್ಬರೂ ಒಂದೇ ಸರಳು ಹಿಡಿದು ನಿಂತೆವು, ಬಸ್ಸಿನಲ್ಲಿ ನಿಂತ ಹಾಗೆ.

ಇದೇ ಸಮಯ ಎಂದು ನೇರ ಕೇಳಿಬಿಟ್ಟೆ. ‘ಆವತ್ತು ನನ್ನ ತಂಗೀನ ಯಾಕೆ ಕಳಿಸಿದ್ರಿ?’

ಅವರು ಬಹಳ ಹೊತ್ತು ಹುಡುಕಿದರು. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ ಒಂದು ಮಾತು ಸ್ಪಷ್ಟವಾಗಿ ಬಂತು. ‘ಬಾಗಿಲು.’ ಮತ್ತೆ ಹೇಳಿದರು, ‘ಬಾಗಿಲು.’ ಹೇಳಿ ತಲೆ ಅಲ್ಲಾಡಿಸಿದರು. ಅದು ಅಲ್ಲ ಎಂದೋ, ಹೌದು ಎಂದೋ ನನಗೆ ಗೊತ್ತಾಗಲಿಲ್ಲ. ನಿನಗೆ ಬಾಗಿಲು ತೆರೆದೆ ಎಂದೋ, ಬಾಗಿಲು ಹಾಕಿದೆ ಎಂದೋ, ಎದುರಿಗಿದ್ದ ಹೊಸ ಬಾಗಿಲನ್ನು ನೋಡಿ ಹೇಳಿದರೋ. ನನ್ನ ಕಿವಿಯನ್ನೂ ನಂಬಬೇಡ. ‘ಬಾ’ ಎಂಬುದು ಗಟ್ಟಿಯಾಗಿ ಕೇಳಿಸಿತು, ಮಿಕ್ಕದ್ದು ನಾನು ಸೇರಿಸಿಕೊಂಡದ್ದೂ ಇರಬಹುದು. ಅಲ್ಲಿಯೇ ಹೇಳಿದ್ದರೆ ನೀನು ಅವರನ್ನು ಕೂರಿಸಿಕೊಂಡು ಕೆದಕುತ್ತಿದ್ದೆ. ಅದಕ್ಕೆ ಇಲ್ಲಿಂದ ಬರೆಯುತ್ತಿದ್ದೇನೆ.

ನೀನು ಬೈದದ್ದಕ್ಕೆ ಮೇಸ್ತ್ರಿಯನ್ನು ಕೇಳಿದೆ. ನಿನ್ನೆ ನನ್ನ ಬಚ್ಚಲಿಗೂ ಒಂದು ಹಿಡಿಕೆ ಬಂತು. ಹಾಕಲು ಬಂದವರು ನಾನೇ ಕೆಲಸ ಕಲಿಸಿದವರು, ನನ್ನ ಮಣಿಕಟ್ಟಿನ ಎತ್ತರ ಅಳೆದರು. ಮೂವತ್ತೊಂದು. ನಾನು ಮೂವತ್ತೆರಡು ಎಂದುಕೊಂಡಿದ್ದೆ. ಕುಗ್ಗಿದ್ದೇನೆ.

ಅಣ್ಣ


ಏಪ್ರಿಲ್ 27

ಅಣ್ಣಾ,

ನಿನ್ನ ‘ಬಾಗಿಲು’ ಓದಿ ಎರಡು ದಿನ ಕೆಲಸವಾಗಲಿಲ್ಲ. ಕರಡಿನಲ್ಲಿ ಎಲ್ಲಿ ನೋಡಿದರೂ ಅದೇ. ನಿನ್ನಂತೆಯೇ ನಾನೂ ಕೇಳಿದೆ, ನೀನು ಬೈಯಬಾರದು. ನನಗೆ ‘ಬಾಗಿಲು’ ಎನ್ನಲಿಲ್ಲ. ‘ಬಟಾಣಿ’ ಎಂದರು, ಅವರಿಗೇ ನಗು ಬಂತು, ನನಗೂ ಬಂತು. ಮತ್ತೆ ಕೇಳಿಲ್ಲ.

ಅವರ ಮಗ ಹೋದ ವಾರ ಫೋನ್ ಮಾಡಿದ್ದ. ಸ್ಪೀಕರಿಗೆ ಹಾಕಿ ಅವರ ಮುಂದಿಟ್ಟೆ. ಅವನು ನೋಡೋಣ, ಬರೋಣ ಎಂದು ಏನೇನೋ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು, ಒಂದು ಪದವನ್ನೂ ಹುಡುಕಲಿಲ್ಲ. ಆಮೇಲೆ ಫೋನನ್ನು ನನ್ನ ಕಡೆಗೆ ತಳ್ಳಿ ಕಿಟಕಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತೋ ಬೆಳಕು ಹೊಡೆಯಿತೋ ನನಗೆ ತಿಳಿಯಲಿಲ್ಲ. ಅವರಿಗೂ ಏನೋ ಗೊತ್ತಾಗಿಲ್ಲದ ಹಾಗಿತ್ತು ಮುಖ. ಮಗ ಯಾಕೆ ಹೀಗಾದ ಎಂಬುದಕ್ಕೆ ಅವರ ಹತ್ತಿರವೂ ಪದವಿಲ್ಲವೇನೋ, ಮಾತು ಚೆನ್ನಾಗಿದ್ದಾಗಲೂ ಇರಲಿಲ್ಲವೇನೋ.

ನಿನ್ನೆ ನಡೆದದ್ದು ಹೇಳುತ್ತೇನೆ. ಬೆಳಿಗ್ಗೆ ನಾನು ಕರಡು ನೋಡುತ್ತಿದ್ದಾಗ ಅವರು ಎದ್ದು, ಟವೆಲ್ ಹೆಗಲ ಮೇಲೆ ಹಾಕಿಕೊಂಡು, ನನ್ನನ್ನು ಕರೆಯದೆ ಬಚ್ಚಲಿಗೆ ಹೋದರು. ಚಿಲಕ ಬಿದ್ದ ಸದ್ದು. ಬಾಗಿಲ ಹತ್ತಿರ ಹೋಗಿ ನಿಂತೆ, ಕೈಯಲ್ಲಿ ನಾಣ್ಯ. ಕಮೋಡಿನ ನೀರು ಬಿಟ್ಟರು. ಕೋಲನ್ನು ಗೋಡೆಗೆ ಒರಗಿಸಿದರು. ಪೀಠ ಬಿಚ್ಚಿದ ಸದ್ದು. ಆಮೇಲೆ ಏನೂ ಇಲ್ಲ. ‘ಅತ್ತೇ’ ಎಂದೆ. ನಾಣ್ಯವನ್ನು ಚಿಲಕದ ಗೀರಿಗೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ತೆರೆದರೆ ಅವರ ಮಾನ ತೆಗೆದ ಹಾಗೆ, ತೆರೆಯದೆ ಅವರು ಬಿದ್ದರೆ ನಾನು ಜನ್ಮಕ್ಕೂ ಎದ್ದೇಳಲಾರೆ. ಹನ್ನೊಂದು ವರ್ಷದ ಹಿಂದೆ ನಿರ್ಧಾರ ಅವರು ಮಾಡಿದರು, ಈಗ ನನ್ನ ಸರದಿ, ಮತ್ತು ನನಗೆ ಯಾವುದು ಸರಿ ಎಂದು ತಿಳಿಯುತ್ತಿಲ್ಲ. ಅಷ್ಟರಲ್ಲಿ ಶವರ್ ಶುರುವಾಯಿತು. ಅಲ್ಲೇ ನೆಲದ ಮೇಲೆ ಕೂತೆ.

ಇಪ್ಪತ್ತು ನಿಮಿಷವಾದ ಮೇಲೆ ಚಿಲಕ ತೆಗೆದರು. ಸ್ನಾನ ಮುಗಿದಿತ್ತು, ಬಟ್ಟೆ ಹಾಕಿಕೊಂಡಿದ್ದರು, ಗುಂಡಿಗಳು ಒಂದೊಂದು ಮೇಲೆ ಕೆಳಗೆ. ಬಿಳಿ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಷ್ಟು ಎತ್ತರ ಎಂದು ನಾನು ಮರೆತೇ ಬಿಟ್ಟಿದ್ದೆ, ಹಾಸಿಗೆಯಲ್ಲಿ ನೋಡಿ ನೋಡಿ. ಕೆಳಗೆ ಕೂತಿದ್ದ ನನ್ನನ್ನು ನೋಡಿದರು. ನನ್ನ ತಲೆಯನ್ನು ನೋಡಿದರು. ಪ್ಲಾಸ್ಟರು ಹಾಕಿದ ದಿನದಿಂದ ನಾನು ಸರಿಯಾಗಿ ತಲೆ ತೊಳೆದುಕೊಂಡಿಲ್ಲ. ಒಂದೇ ಕೈಯಲ್ಲಿ ಆಗುವುದಿಲ್ಲ. ದರ್ಜಿಯಮ್ಮನನ್ನು ಕೇಳಲು ಸಂಕೋಚ.

ಹೆಬ್ಬೆರಳು ತಿರುಗಿಸಿ ಒಳಗೆ ಎಂದು ಸನ್ನೆ ಮಾಡಿದರು. ಬೇಡ ಎಂದೆ. ಅವರು ಇನ್ನೊಮ್ಮೆ ಮಾಡಿದರು, ಈ ಸಲ ಆಟದ ಟೀಚರಿನ ಹಾಗೆ. ಎದ್ದು ಹೋಗಿ ಮಡಚುವ ಪೀಠದ ಮೇಲೆ ಕೂತೆ. ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಲು ಇಬ್ಬರ ಒಂದೊಂದು ಕೈ ಸೇರಿ ಹತ್ತು ನಿಮಿಷ ಬೇಕಾಯಿತು. ಅವರು ನನ್ನ ಹಿಂದೆ ನಿಂತು, ಸೊಂಟವನ್ನು ಹಿಡಿಕೆಗೆ ಒರಗಿಸಿ, ಗೋಡೆಯ ಶವರನ್ನು ತಮ್ಮ ಬಲಗೈಗೆ ಬಿಟ್ಟು ನೋಡಿ, ಬಿಸಿ ಹದವಾದ ಮೇಲೆ ನನ್ನ ತಲೆಗೆ ತಿರುಗಿಸಿದರು. ಒಂದೇ ಕೈ, ದೊಡ್ಡ ಕೈ. ಕಿವಿಯ ಹಿಂದೆ, ಕತ್ತಿನ ಮೇಲೆ, ಯಾವುದನ್ನೂ ಬಿಡದೆ ಉಜ್ಜಿದರು. ನೊರೆ ಕಣ್ಣಿಗೆ ಹೋಯಿತು, ಉರಿಯಿತು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವರು ನನ್ನ ತಲೆ ಮುಟ್ಟಿದ್ದು ನೆನಪಿಲ್ಲ.

ಅವರು ಏನೋ ಹೇಳಿದರು. ನೀರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಅರ್ಥವಾಗುತ್ತಿತ್ತೋ ಇಲ್ಲವೋ. ತಲೆ ಇನ್ನಷ್ಟು ಹಿಂದಕ್ಕೆ ಕೊಟ್ಟೆ.

ನಿನ್ನ ತಂಗಿ